ಕಬ್ಬಿಣದ ಬಾಳೆಗೊನೆ

ಉಸ್ತಾದರಿಗೆ ಎಡಗಣ್ಣಿನ ಹುಬ್ಬು ಇರಲಿಲ್ಲ. ವೆಲ್ಡಿಂಗ್ ಕಿಡಿ ಎಂದೋ ಸುಟ್ಟದ್ದು ಮತ್ತೆ ಬೆಳೆದಿರಲಿಲ್ಲ. ಆ ಖಾಲಿ ಜಾಗಕ್ಕೆ ದಿನಾ ಬೆಳಿಗ್ಗೆ ಸುರ್ಮಾದ ಕಪ್ಪಿನಿಂದ ಗೆರೆ ತೀಡಿಕೊಂಡು ಅಂಗಡಿಗೆ ಬರುತ್ತಿದ್ದರು. ಕಲಬುರಗಿಯ ಬಿಸಿಲು ಅದನ್ನು ಬಹಳ ಹೊತ್ತು ಉಳಿಯಗೊಡುತ್ತಿರಲಿಲ್ಲ. ಊಟದ ವೇಳೆಗೆ ಹುಬ್ಬು ಕೆನ್ನೆಗೆ ಇಳಿದಿರುತ್ತಿತ್ತು. ಹಾಗೆಂದು ಹೇಳುವ ಧೈರ್ಯ ರೋಜಾ ಬಡಾವಣೆಯ ಆ ಗಲ್ಲಿಯಲ್ಲಿ ಯಾರಿಗೂ ಇರಲಿಲ್ಲ.

ಗಾಡಿಗಳಿಗೆ ಕಬ್ಬಿಣದ ಬಂಪರ್ ಕಟ್ಟುವುದು ಅವರ ಕಸುಬು. ಕಂಪನಿಯ ಬಂಪರಿಗೆ ಅವರಿಟ್ಟ ಹೆಸರು ‘ಡಬ್ಬಿ ಮುಚ್ಚಳ’. ಇಂಥದ್ದನ್ನು ಕಟ್ಟಿಸಲು ಕಾನೂನು ಒಪ್ಪುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಅಂಗಡಿಯ ಮುಂದೆ ಗಾಡಿಗಳ ಸಾಲು ಕರಗುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಗಾಡಿಯವನಿಂದಲೇ ಬಂಪರಿಗೆ ಒದೆಸುತ್ತಿದ್ದರು.

“ಜೋರ್ ಒದಿ. ಎಮ್ಮಿ ಬಂದು ಹಾಯ್ದ್ರ ಎಮ್ಮಿನೇ ಮಾಫಿ ಕೇಳಬೇಕು, ಹಂಗ ಮಾಡೀನಿ.”

ನನ್ನದು ಕಮಲಾಪುರದಿಂದ ಕಲಬುರಗಿಗೆ ಕೆಂಪು ಬಾಳೆ ಸಾಗಿಸುವ ಪಿಕಪ್. ಅದರ ಮುಂದಿನ ಸೀಟಿನಲ್ಲಿ ಕೂತೇ ನಮ್ಮವ್ವ ವಾರಕ್ಕೆರಡು ಸಲ ಸೇಡಂ ರಸ್ತೆಯ ದವಾಖಾನೆಗೆ ಡಯಾಲಿಸಿಸ್‌ಗೆ ಬರುತ್ತಾಳೆ. ತೋಟದ ದಾರಿಯಲ್ಲಿ ಗಾಡಿಯ ಮುಂಭಾಗ ಜಜ್ಜಿಹೋಗುತ್ತದೆಂದು ನಾನು ಉಸ್ತಾದರ ಬಳಿ ಹೋದೆ. ಕೆಂಪು ಬಾಳೆಯ ಗಾಡಿ ಎಂದದ್ದೇ ತಡ, ಅವರಿಗೆ ಉಮೇದು ಬಂತು. ದಪ್ಪ ತಗಡು ಬಡಿದು, ಒಂದು ದೀಪದಿಂದ ಇನ್ನೊಂದು ದೀಪದವರೆಗೆ ಅಡ್ಡಲಾಗಿ ಮಲಗಿದ ಬಾಳೆಗೊನೆಯೊಂದನ್ನು ಮಾಡಿದರು. ಒಂದೊಂದು ಕಾಯಿಗೂ ಬೇರೆ ಬೇರೆ ಬಾಗು, ಮೇಲೆ ಕೆಂಪು ಬಣ್ಣ. ಅದನ್ನು ನೋಡಲೆಂದೇ ಸ್ಟೇಶನ್ ಬಜಾರಿನಿಂದ ಆಟೋದವರು ಬರುತ್ತಿದ್ದರು. ತಮ್ಮ ಜೀವಮಾನದ ಕೆಲಸ ಇದೇ ಎಂದು ಉಸ್ತಾದರು ಬಂದವರಿಗೆಲ್ಲ ಹೇಳಿ ಕಳಿಸುತ್ತಿದ್ದರು.

ಬೇಸಿಗೆ ಬಂತು. ಊರೊಳಗೆ ಸರಿಯಾಗಿರುತ್ತಿದ್ದ ಗಾಡಿ, ಲೋಡು ಹೊತ್ತು ಹೆದ್ದಾರಿಗೆ ಬಿದ್ದರೆ ಸಾಕು, ಕಾಯತೊಡಗಿತು. ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು. ನೀರು ಬದಲಿಸಿದೆ, ಪಂಪು ಬದಲಿಸಿದೆ. ರೇಡಿಯೇಟರ್ ತೊಳೆಸೋಣವೆಂದರೆ ಅದು ಹೊಸದರಂತೆ ಸ್ವಚ್ಛವಾಗಿತ್ತು. ಒಂದು ದಿನ ಅರ್ಧ ದಾರಿಯಲ್ಲಿ ಬಾನೆಟ್ಟಿನಿಂದ ಹೊಗೆಯೆದ್ದು ಗಾಡಿ ನಿಂತೇಬಿಟ್ಟಿತು. ಅವ್ವನನ್ನು ಬೇವಿನ ನೆರಳಿಗೆ ಕೂರಿಸಿ, ಇಂಜಿನ್ ತಣಿಸಿಕೊಂಡು ದವಾಖಾನೆ ಮುಟ್ಟುವಷ್ಟರಲ್ಲಿ ಅವಳ ಪಾಳಿ ಬೇರೆಯವರಿಗೆ ಹೋಗಿತ್ತು. ಮರುದಿನ ಮಷಿನ್ ಸಿಗುವ ಹೊತ್ತಿಗೆ ಅವಳ ಮುಖ, ಕಾಲು ಬಾತು, ಉಸಿರಿಗೆ ಒದ್ದಾಡುತ್ತಿದ್ದಳು.

ಬಂಪರಿನದೇ ದೋಷವಿರಬೇಕೆಂದು ಮೆಕ್ಯಾನಿಕ್ ಒಬ್ಬ ಹೇಳಿದ. ಅವ್ವ ಚೇತರಿಸಿಕೊಂಡ ಮೇಲೆ ಅವಳನ್ನು ಕೂರಿಸಿಕೊಂಡೇ ರೋಜಾಕ್ಕೆ ಹೋದೆ. ಉಸ್ತಾದರು ಕೆಂಡವಾದರು.

“ಬಂಪರ್ ಹೊರಗ ಅದ, ಇಂಜಿನ್ ಒಳಗ ಅದ. ನನ್ನ ಗೊನಿ ನಿನ್ನ ಇಂಜಿನ್‌ಗೆ ಏನ್ ಮಾಡ್ಯದ?”

ನಾನೂ ದನಿ ಏರಿಸಿದೆ. ಅಷ್ಟರಲ್ಲಿ ಅವ್ವ ಕೆಳಗಿಳಿದು ಬಂದು ಆ ಗೊನೆಯ ಮೇಲೆ ಕೈಯಾಡಿಸಿದಳು.

“ತಮ್ಮಾ, ಭಾಳ ಚಂದ ಮಾಡಿದಿ. ಖರೆ ನಾ ದವಾಖಾನಿ ಮುಟ್ಟಬೇಕಲ್ಲಪಾ.”

ಉಸ್ತಾದರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. “ನಡೀರಿ ಅಕ್ಕಾ, ಗಾಡ್ಯಾಗ ಕೂತು ನಾನೇ ನೋಡ್ತೀನಿ” ಎಂದರು.

ಕಮಲಾಪುರ ಮುಟ್ಟಿದಾಗ ಸಂಜೆಯಾಗಿತ್ತು. ತೋಟಗಳ ನಡುವೆ ಹುಳಹುಪ್ಪಟೆ ಎದ್ದು ಗಾಜಿನ ತುಂಬ ಬಡಿದಿದ್ದವು. ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿ ಬಾನೆಟ್ ತೆಗೆದೆವು. ಉಸ್ತಾದರು ಬಗ್ಗಿ ರೇಡಿಯೇಟರ್ ನೋಡಿದವರು ಬಹಳ ಹೊತ್ತು ಏಳಲಿಲ್ಲ. ಮೇಲಿನ ಅಂಚಿಗಷ್ಟೇ ಹುಳ ಅಂಟಿದ್ದವು. ಗೊನೆಯ ಹಿಂದಿನ ಭಾಗದಲ್ಲಿ ಒಂದು ನುಸಿಯೂ ಇರಲಿಲ್ಲ.

“ಎಷ್ಟ್ ಸ್ವಚ್ಛ ಅದ ನೋಡ್ರಿ” ಎಂದೆ ನಾನು.

“ಅದೇ ಲಫಡಾ. ಹುಳಕ್ಕ ಹಾದಿ ಇಲ್ಲಂದ್ರ ಗಾಳಿಗೂ ಹಾದಿ ಇಲ್ಲ. ಗಾಳಿ ಗೊನಿಗಿ ಬಡದು ಮ್ಯಾಲ ಹಾರಿ ಹೋಗಲತ್ತದ, ಇಂಜಿನ್ ತಣ್ಣಗ ಹ್ಯಾಂಗ ಆಗ್ತದ? ನಾ ಗಾಡಿ ಮಾರಿಗಿ ದಿಂಬು ಒತ್ತೀನಿ.”

ಅವ್ವ ಕೊಟ್ಟ ಚಹಾ ಕುಡಿದು, ನನ್ನ ಗಾಡಿಯಲ್ಲೇ ಕಲಬುರಗಿಗೆ ವಾಪಸಾದರು.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ತಾವೇ ಕಟರ್ ಹಿಡಿದರು. ಗಲ್ಲಿಯವರೆಲ್ಲ ಹೊರಗೆ ಬಂದರು. ಪಕ್ಕದ ಟೈರಿನ ಅಂಗಡಿಯವರು, “ಉಸ್ತಾದ್, ಬಾಜೂಕ ಎರಡು ತೂತು ಹೊಡೀರಿ, ಗೊನಿ ಉಳೀತದ” ಎಂದರು.

“ಗೊನಿ ಉಳಿಸ್ಕೊಂಡು ಅಕ್ಕನ್ನ ಕಳಕೊಳ್ಳೂದೇನು?” ಎಂದು ಉಸ್ತಾದರು ಕಟರ್ ಚಾಲೂ ಮಾಡಿದರು. ಗೊನೆಗೆ ಆಸರೆಯಾಗಿದ್ದ ಎರಡು ಪೈಪು ಬಿಟ್ಟು ಉಳಿದದ್ದೆಲ್ಲ ನೆಲಕ್ಕೆ ಬಿತ್ತು. ಅವರ ಹುಬ್ಬು ಅಂದು ಬೆಳಿಗ್ಗೆಯೇ ಕೆನ್ನೆಗೆ ಇಳಿದಿತ್ತು. ಬೆವರೋ ಏನೋ, ನಾನು ಕೇಳಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ ಅವರು. ತಮ್ಮ ಬಂಪರ್ ಕಟ್ಟಿಸಿಕೊಂಡವರೆಲ್ಲ ವಾಪಸ್ ಬರಬೇಕೆಂದು ಚಹಾದಂಗಡಿಗಳಲ್ಲಿ ಹೇಳಿಬಂದರು. “ತಪ್ಪು ನಂದದ, ತಂದು ಕಟ್ ಮಾಡಿಸ್ಕೊಳ್ರಿ” ಎಂದು ದಾರಿಯಲ್ಲಿ ಗಾಡಿ ತಡೆದು ಹೇಳುತ್ತಿದ್ದರು. ಮುಂಚೆ ಬಡಾಯಿ ಕೊಚ್ಚುತ್ತಿದ್ದ ಅದೇ ದನಿಯಲ್ಲಿ ಈಗ ತಮ್ಮ ತಪ್ಪು ಸಾರಿದರು. ಇಂಥ ಇನ್ನೊಬ್ಬ ಕಸುಬುದಾರರನ್ನು ನಾನು ಕಂಡಿಲ್ಲ. ಆಮೇಲೆ ಹೊಸ ಬಂಪರಿಗೆ ಒದೆಸುವ ಪದ್ಧತಿಯೂ ನಿಂತಿತು. “ಸಂಜಿಮುಂದ ಕಮಲಾಪುರಕ್ಕ ಹೋಗು, ಹುಳ ತಗೊಂಡು ಬಾ. ರೇಡಿಯೇಟರ್ ತುಂಬ ಬಡದಿರಬೇಕು, ಅವಾಗ ಬಂಪರ್ ನಿಂದು” ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಉಸ್ತಾದರು ತೀರಿಕೊಂಡರು. ಬೇಡವೆಂದರೂ ಅವ್ವ ನನ್ನ ಜೊತೆ ಬಂದಳು. ಅವರ ಮನೆಯ ಮುಂದೆ ಗಾಡಿಗೊರಗಿ ನಿಂತು, “ನನ್ನ ತಮ್ಮ ಹ್ವಾದ” ಎಂದು ಅತ್ತಳು. ನಾನೂ ಅತ್ತೆ.

ಈಗಲೂ ದವಾಖಾನೆಗೆ ಹೊರಡುವ ಮುಂಚೆ ಬಾನೆಟ್ ತೆಗೆದು ರೇಡಿಯೇಟರಿಗೆ ಬ್ರಷ್ ಆಡಿಸುತ್ತೇನೆ. ಹಿಂದಿನ ಸಂಜೆಯ ಹುಳ ಉದುರುತ್ತವೆ. ಅವ್ವ ಮುಂದಿನ ಸೀಟಿನಲ್ಲಿ ಕೂತು ಕೇಳುತ್ತಾಳೆ.

“ಹುಳ ಬಡದಾವೇನೋ?”

“ಹೂಂ ಬೇ, ತುಂಬ್ಯಾವ.”

“ಹಂಗಾದ್ರ ನಡಿ, ಮುಟ್ತೀವಿ.”