ಗೋರಿಯ ಮೇಲೆ ಪುಳಿಯೋಗರೆ

ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ ಬಾಡಿಗೆ ಕಾರಿನಲ್ಲಿ ಅಪ್ಪ, ಅಮ್ಮ, ನಾನು ಚೆಂಗಲ್ಪಟ್ಟಿನ ಆಚೆಯ ಪೆರುಮಾಳ್ ಗುಡಿಗೆ ಹೋದೆವು. ತಲುಪುವಷ್ಟರಲ್ಲಿ ಎರಡೂವರೆ ದಾಟಿತ್ತು, ಬಾಗಿಲು ಹಾಕಿತ್ತು. ಮತ್ತೆ ತೆರೆಯುವುದು ನಾಲ್ಕಕ್ಕೆ. ನುಂಗಂಬಾಕ್ಕಂನ ಮನೆಯಿಂದ ಅಮ್ಮ ಕಟ್ಟಿ ತಂದಿದ್ದ ಪುಳಿಯೋಗರೆ, ಮೊಸರನ್ನ ಉಣ್ಣಲು ನೆರಳು ಹುಡುಕಿದೆವು.

ಹೊಲಗಳ ನಡುವಿನ ಒಂದು ದಿಬ್ಬವನ್ನು ಆರಿಸಿದವರು ಅಪ್ಪನೇ. ಸುತ್ತಲೂ ದುಂಡಗೆ ಅರ್ಧ ಹೂತ ಗುಂಡುಕಲ್ಲುಗಳು, ನಡುವೆ ಚಪ್ಪಟೆ ಬಂಡೆ, ಪಕ್ಕದಲ್ಲೊಂದು ಬೇವಿನ ಮರ. ಪ್ಯಾರೀಸ್ ಕಾರ್ನರಿನ ಕಚೇರಿಯೊಂದರಲ್ಲಿ ಜೀವಮಾನವಿಡೀ ಗುಮಾಸ್ತರಾಗಿದ್ದ ಅಪ್ಪನಿಗೆ ಅಚ್ಚುಕಟ್ಟೆಂದರೆ ಪ್ರಾಣ.

"ಯಾರೋ ಪುಣ್ಯಾತ್ಮ ಊಟಕ್ಕೇಂತಲೇ ಮಾಡಿಟ್ಟಿದಾನೆ," ಎಂದು ಬಂಡೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತರು.

ಎರಡನೇ ತುತ್ತಿಗೆ ಕಾವಲುಗಾರನೊಬ್ಬ ಸೈಕಲ್ ತಳ್ಳಿಕೊಂಡು ಬಂದ. ಪೊದೆಯಲ್ಲಿ ಮುಚ್ಚಿಹೋಗಿದ್ದ ಸರ್ಕಾರದ ಫಲಕ ತೋರಿಸಿ, ಇದು ರಕ್ಷಿತ ಜಾಗ, ಬಹಳ ಹಿಂದಿನ ಜನರ ಗೋರಿ, ಅಯ್ಯ ಕೂತ ಬಂಡೆಯ ಕೆಳಗೇ ಮೂಳೆಗಳಿವೆ ಎಂದು ತಮಿಳಿನಲ್ಲಿ ವಿನಯವಾಗಿ ವಿವರಿಸಿದ.

ಅಪ್ಪ ಬಾಯಲ್ಲಿದ್ದುದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕೊನೆಗೆ ನುಂಗಿ, "ತೀಟ್ಟು. ಎಲ್ಲರಿಗೂ ಸ್ನಾನ ಆಗ್ಬೇಕು," ಎಂದರು. ನಮ್ಮ ಮನೆಯಲ್ಲಿ ಮೈಲಿಗೆ ಎಂಬ ಮಾತು ಎಂದೋ ತಮಿಳಿಗೆ ತಿರುಗಿತ್ತು.

ಅಮ್ಮ ತಟ್ಟೆ ಕೆಳಗಿಡಲಿಲ್ಲ. "ಸತ್ತು ಎಷ್ಟು ಕಾಲವಾಯ್ತಂತೆ?"

"ಸಾವಿರಾರು ವರ್ಷ," ಎಂದೆ ನಾನು.

"ನಿಮ್ಮ ಚಿಕ್ಕಪ್ಪ ಹೋದಾಗ ಹತ್ತು ದಿನಕ್ಕೆ ಸೂತಕ ಮುಗೀತಲ್ರೀ. ಇವರದು ಇನ್ನೂ ಮುಗಿದಿಲ್ವಾ?"

"ಚಿಕ್ಕಪ್ಪ ನಮ್ಮವರು. ಇವರು ಯಾವ ಗೋತ್ರವೋ ಏನೋ."

"ಗೋತ್ರವೇ ಬೇರೆ ಅಂದ್ರೆ ನಮಗ್ಯಾತರ ಸೂತಕ?"

ಅಪ್ಪ ಎದ್ದು ಹತ್ತಿರದ ಪಂಪ್‌ಸೆಟ್ಟಿನತ್ತ ನಡೆದರು. ಉಟ್ಟ ಪಂಚೆಯಲ್ಲೇ ನೀರಿಗೆ ತಲೆಯೊಡ್ಡಿ ನಿಂತರು. ನಾವು ಕಲ್ಲುಗಳ ವೃತ್ತದಿಂದಾಚೆ ಜಾಗ ಬದಲಿಸಿದೆವು. ಅಮ್ಮ ಕಾವಲುಗಾರನಿಗೂ ಬಡಿಸಿದರು. ಮೇಕೆಗಳನ್ನೂ ಪ್ರೇಮಿಗಳನ್ನೂ ಓಡಿಸಿ ಸಾಕಾಗಿದೆ, ಒಳಗಿರುವವರಿಂದ ಮಾತ್ರ ಯಾವ ತಕರಾರೂ ಇಲ್ಲ ಎಂದ ಅವನು ಎರಡು ಸಲ ಪುಳಿಯೋಗರೆ ಹಾಕಿಸಿಕೊಂಡ. ಅಪ್ಪ ತೊಟ್ಟಿಕ್ಕುತ್ತ ಬರುವಷ್ಟರಲ್ಲಿ ಉಳಿದಿದ್ದುದು ಮೊಸರನ್ನ. ಅದನ್ನೇ ಉಂಡರು.

ನಾಲ್ಕಕ್ಕೆ ಗುಡಿ ತೆರೆಯಿತು. ಒದ್ದೆ ಪಂಚೆ ಕಂಡು, ಈ ಕಾಲದಲ್ಲೂ ಇಷ್ಟು ಮಡಿಯೇ ಎಂದು ಅರ್ಚಕರು ಕರಗಿಹೋದರು. ಅಪ್ಪನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಸ್ವಾಮಿಯ ಮಾಲೆ ತೆಗೆದು ಕೊರಳಿಗೆ ಹಾಕಿದರು. ಒದ್ದೆಯಾದದ್ದು ಯಾಕೆಂದು ಅಪ್ಪ ಹೇಳಲಿಲ್ಲ. ಕಣ್ಣು ಮುಚ್ಚಿ ತಲೆ ಬಾಗಿಸಿದರು.

ಹಿಂದೆ ನಿಂತಿದ್ದ ಅಮ್ಮ ಸೆರಗು ಬಾಯಿಗೊತ್ತಿಕೊಂಡರು. ಭಕ್ತಿಯಿಂದ ಅಳುತ್ತಿದ್ದಾರೆಂದು ಪಕ್ಕದ ಹೆಂಗಸು ಅವರ ಬೆನ್ನು ಸವರಿದಳು.