"ಹೋಗ್ತೀನಿ" ಅಂದಾಂವ ಸಿಕ್ಕಿಬಿದ್ದ

ಗೆಳೆಯರ, ಇವತ್ತು ಮುದ್ದೇಬಿಹಾಳದಾಗ ನನ್ನ ಡಿಗ್ರಿ ಮರ್ಯಾದಿ ಹೋತು ನೋಡ್ರಿ.

ನಾ ಕಾಲೇಜಿನ್ಯಾಗ ಮನಃಶಾಸ್ತ್ರ ಕಲಿಸಾಕಿ. ಮೂರು ವಾರದಿಂದ ಕನ್ನಡಕ್ಕ ಡಬ್ ಆದ ಕೊರಿಯನ್ ಥ್ರಿಲ್ಲರ್ ಒಂದು ನೋಡಾಕತ್ತಿದ್ದೆ. ಎಲ್ಲಾರ ಬಾಲ್ಯ, ಭಯ, ಕನಸು ಅಳೆದು ತೂಗಿ, ಯಾರ ಕೂಡನೂ ಮಾತಾಡದ ತೋಟದ ಮಾಲಿನೇ ಕೊಲೆಗಾರ ಅಂತ ತೀರ್ಮಾನ ಮಾಡಿದ್ದೆ.

ಇವತ್ತು ಕಡೀ ಎಪಿಸೋಡ್. ನಮ್ಮ ಅತ್ತಿ ಮೊದಲನೇ ಸಲ ಬಾಜೂಕ ಬಂದು, ಮೆಂತೆ ಪಲ್ಯದ ಎಲಿ ಬಿಡಿಸಕೋತ ಕುಂತ್ರು. ಟಿವಿಯೊಳಗ ನಗುಮುಖದ ಡಾಕ್ಟರ್ ರೋಗಿ ಮನಿಯಿಂದ ಎದ್ದು, "ಹೋಗ್ತೀನಿ" ಅಂದ.

"ಇವನ ನೋಡವಾ ಕೊಲಿ ಮಾಡಿದಾಂವ," ಅಂದ್ರು ಅತ್ತಿ.

"ಹೆಂಗ್ರೀ?"

"ಮಂದಿ ಮನಿಯಿಂದ ಏಳೂಮುಂದ ಬರ್ತೇನಿ ಅನ್ನಬೇಕು. ಹೋಗ್ತೀನಿ ಅಂತ ಯಾರರ ಅಂತಾರೇನು? ಅಂವ ಮನಿ ಕೆಡಸಾಕ ಬಂದಾನ."

ನಾ ನಕ್ಕೆ. "ಅದು ಡಬ್ ಮಾಡಿದವರ ತಪ್ಪರಿ. ಇಂವ ಕೊಲೆಗಾರ ಆದ್ರ ಎಂಟು ದಿನ ರೊಟ್ಟಿ ನಾನ ಬಡಿತೇನಿ."

ಇಪ್ಪತ್ತು ನಿಮಿಷಕ್ಕ ಡಾಕ್ಟರ್ ಕೈಗೆ ಬೇಡಿ ಬಿತ್ತು. ಅತ್ತಿ ಪಲ್ಯದ ಬುಟ್ಟಿ ಎತ್ತಿಕೊಂಡು, "ಹಿಟ್ಟು ಡಬ್ಬಿಯೊಳಗ ಐತಿ ನೋಡವಾ," ಅಂದ್ರು.

ಅಷ್ಟರಾಗ ನಮ್ಮ ಮನಿಯವರು ಸಿಂದಗಿ ಬಸ್ಸಿಗೆ ಲೇಟಾತಂತ ಚಪ್ಪಲಿ ಮೆಟ್ಟಿಕೊಂಡು, "ನಾ ಹೋಗ್ತೇನಿ" ಅಂದ್ರು. ಅತ್ತಿ, ನಾನು ಇಬ್ಬರೂ ತಿರುಗಿ ನೋಡಿದ್ವಿ. ನಾವು ನೋಡಿದ ರೀತಿಗೆ ಅವರು ಬಾಗಲದಾಗ ನಿಂತು ಮೂರು ಸಲ "ಬರ್ತೇನಿ" ಅಂದು ಹೋದ್ರು.

ಅಪರಾಧಿ ಸಂಜೀಕ ವಾಪಸ್ ಬರ್ತಾರ. ರೊಟ್ಟಿ ಬಡಿಯೂ ಶಿಕ್ಷಾ ಅವರಿಗೇ ಕೊಡಬೇಕಂತ ಮಾಡೇನಿ.