ನೀರು ಕುಡಿದ ಕ್ಯಾಸೆಟ್ಟು

ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೌನೇಶ್ವರಿ ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಯಾಕೆ ಸಿಟ್ಟು ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳಿದ್ದರೆ ಅವಳು ಒಂದು ವಿಡಿಯೋ ಗೇಮಿನ ಕಥೆ ಹೇಳುತ್ತಿದ್ದಳು.

ಅವಳು ಚಿಕ್ಕವಳಿದ್ದಾಗ ಅವರಿದ್ದದ್ದು ಮಾನ್ವಿಯಲ್ಲಿ. ತಾಯಿ ದುರುಗಮ್ಮ ಅಲ್ಲಿ ಸತ್ಯಭಾಮಾಬಾಯಿ ಎಂಬವರ ಮನೆಯ ಕೊಟ್ಟಿಗೆ, ಹಿತ್ತಲು ಗುಡಿಸುತ್ತಿದ್ದಳು. ಬಾಯಿಯವರ ಮಗ ಸುಶಮೀಂದ್ರನ ಬಳಿ ಟಿ.ವಿ.ಗೆ ಜೋಡಿಸಿ ಆಡುವ ಗೇಮ್ ಇತ್ತು. ಆಗ ಎಲ್ಲರ ಬಾಯಲ್ಲಿ ಬರೀ ಮೌನಿಯಾಗಿದ್ದ ಅವಳು ಮನೆಯೊಳಗೆ ಕಾಲಿಡುವಂತಿರಲಿಲ್ಲ. ಹಿತ್ತಲ ಕಿಟಕಿಯ ಸರಳು ಹಿಡಿದು "ಈಗ ಜಿಗಿ!" ಎಂದು ಕೂಗುವುದಷ್ಟೇ ಅವಳ ಪಾಲಿನ ಆಟ. ಅವಳು ಕೂಗಿದಾಗ ಜಿಗಿದರೆ ಅವನು ದಾಟುತ್ತಿದ್ದ, ಇಲ್ಲವಾದರೆ ಗುಂಡಿಗೆ ಬೀಳುತ್ತಿದ್ದ. ಗೆದ್ದವನು ಮಾತ್ರ ಯಾವಾಗಲೂ ಅವನೇ.

ಒಂದು ದಿನ ಕಿಟಕಿಯಲ್ಲಿಟ್ಟಿದ್ದ ಗೇಮಿನ ಕ್ಯಾಸೆಟ್ಟು ಹೊರಗೆ ಬಿತ್ತು. ಮೌನಿ ಎತ್ತಿ ಕೊಟ್ಟಳು. ಮಡಿಯಲ್ಲಿದ್ದ ಬಾಯಿಯವರು ಅದನ್ನು ಕಂಡು, "ಮೈಲಿಗಿ ಆತಲ್ಲೋ!" ಎಂದು ಕ್ಯಾಸೆಟ್ಟನ್ನು ಕಲ್ಲಿನ ಮೇಲೆ ಇಡಿಸಿ, ಚೊಂಬುಗಟ್ಟಲೆ ನೀರು ಸುರಿದು ಶುದ್ಧ ಮಾಡಿದರು. ಹುಡುಗನಿಗೆ ತಾಳ್ಮೆಯೆಲ್ಲಿ? ಹಸಿಹಸಿಯಾಗಿಯೇ ಗೇಮಿಗೆ ತುರುಕಿದ. ಪರದೆ ಕಪ್ಪಾಯಿತು, ಕ್ಯಾಸೆಟ್ಟು ಮತ್ತೆ ಏಳಲಿಲ್ಲ. ಅದೇ ಕ್ಯಾಸೆಟ್ಟಿಗೆ ಅವನು ಧೂಳು ಹೋಗಲೆಂದು ದಿನವೂ ಬಾಯಿಟ್ಟು ಊದುತ್ತಿದ್ದ. ಅವನ ಎಂಜಲು ನಡೆಯುತ್ತಿತ್ತು, ಇವಳ ಬೆರಳು ನಡೆಯಲಿಲ್ಲ! "ಆ ಹುಡುಗಿ ಕೈ ಹಚ್ಚಿದ್ದಕ್ಕ ಕೆಡ್ತು" ಎಂದು ಬಾಯಿಯವರು ಓಣಿಗೆಲ್ಲ ಕೇಳುವಂತೆ ಕೂಗಿದರು. ದುರುಗಮ್ಮ ಓಡಿಬಂದು ಮಗಳನ್ನು ಎಲ್ಲರೆದುರು ಹೊಡೆದಳು. "ನಾ ಕೆಡಿಸಿಲ್ಲ ಬೇ" ಎಂದು ಅವಳು ಮೊದಲಿನಿಂದ ಕೂಗುತ್ತಿದ್ದ ಮಾತು ಯಾರಿಗೂ ಬೇಕಾಗಿರಲಿಲ್ಲ.

ಏಟಿನ ನೋವು ಎಂದೋ ಹೋಯಿತು. ಅವ್ವ ಇಂದಿಗೂ ನಾನೇ ಕೆಡಿಸಿದೆ ಎಂದುಕೊಂಡಿದ್ದಾಳೆ ಎಂಬ ಸಂಕಟ ಹೋಗಲಿಲ್ಲ.

ಮೊನ್ನೆ ಮೊನ್ನೆ ಮೌನೇಶ್ವರಿ, ಶಾಲೆಯವರು ಗುಜರಿಗೆ ಎತ್ತಿಟ್ಟಿದ್ದ ಹಳೆಯ ಕಂಪ್ಯೂಟರನ್ನು ಕೇಳಿ ಮನೆಗೆ ತಂದಳು. ಆ ಕಾಲದ ಗೇಮುಗಳನ್ನು ಕಂಪ್ಯೂಟರಿನಲ್ಲೇ ಆಡಿಸುವ ಎಮ್ಯುಲೇಟರ್ ಹಾಕಿದಳು. ಅದರ ಹೊಸ ಆವೃತ್ತಿ ಆ ಮುದಿ ಯಂತ್ರಕ್ಕೆ ಭಾರವಾಯಿತು. ಹಳೆಯದನ್ನು ಹುಡುಕಿ ಹಾಕಿದಳು. ಗೇಮ್ ಶುರುವಾಯಿತೇನೋ ನಿಜ, ಆದರೆ ಬಟನ್ ಒತ್ತಿದ ಎಷ್ಟೋ ಹೊತ್ತಿಗೆ ಗೇಮಿನ ಬೊಂಬೆ ಜಿಗಿಯುತ್ತಿತ್ತು. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿ ತೋರಿಸಬೇಕು, ನನ್ನ ಕೈಯಲ್ಲಿ ಯಾವುದೂ ಕೆಡುವುದಿಲ್ಲ ಎನ್ನಬೇಕು ಎಂಬುದು ಅವಳ ಹಟ. ಇನ್ನೊಂದು ರ‍್ಯಾಮ್ ಹಾಕಿದರೆ ಸರಿಹೋದೀತೆಂದು ರಾಯಚೂರಿಗೆ ಬಂದಳು.

ಹಳೆಯ ಬಿಡಿಭಾಗ ಮಾರುವ ಅಂಗಡಿಯ ಗಲ್ಲೆಯ ಮೇಲೆ ಕೂತವನು ಅವಳನ್ನೇ ನೋಡಿದ.

"ನೀ ನಮ್ಮ ದುರುಗಮ್ಮನ ಮಗಳು ಮೌನಿ ಅಲ್ಲೇನು? ನಾ ಸುಶಮೀಂದ್ರ. ನನ್ನ ಕ್ಯಾಸೆಟ್ ಕೆಡಿಸಿದಾಕಿ ನೀನ ಅಲ್ಲಾ!" ಎಂದು ಹೊಟ್ಟೆ ಹಿಡಿದು ನಕ್ಕ. ಗಿರಾಕಿಗಳೂ ನಕ್ಕರು.

ಮೌನೇಶ್ವರಿಗೆ ಮೈಯೆಲ್ಲ ಉರಿಯಿತು. "ನೀರು ಹಾಕಿದವರು ನಿಮ್ಮ ಅಮ್ಮ. ಹಸೀದು ತುರುಕಿದವರು ನೀವು. ಏಟು ತಿಂದಾಕಿ ನಾನು. ಕೆಡಿಸಿದಾಕಿನೂ ನಾನ ಏನ್ರಿ?"

"ಸಣ್ಣವರಿದ್ದಾಗಿನ ಮಾತು ಬಿಡ್ರಿ ಮೇಡಂ. ಅಮ್ಮ ಈಗಿಲ್ಲ."

"ನಮ್ಮವ್ವ ಅದಾಳ. ಆಕಿಗೆ ಹೇಳ್ರಿ." ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಅವನ ಮುಂದಿಟ್ಟಳು.

ಸುಶಮೀಂದ್ರ ಅತ್ತಿತ್ತ ನೋಡಿದ. ತಪ್ಪಿಸಿಕೊಳ್ಳಲು ದಾರಿ ಕಾಣಲಿಲ್ಲ.

"ದುರುಗಮ್ಮ, ಆ ಕ್ಯಾಸೆಟ್ಟು ನಿನ್ನ ಮಗಳು ಕೆಡಿಸಿರಲಿಲ್ಲ. ನೀರು ಹೋಗಿ ಕೆಟ್ಟಿತ್ತು."

"ಗೊತ್ತದ ಯಪ್ಪಾ," ಎಂದಳು ದುರುಗಮ್ಮ. "ಬಾಯೇರು ನೀರು ಹಾಕೂದು ನಾ ಕೊಟ್ಟಿಗ್ಯಾಗ ನಿಂತು ನೋಡೀನಿ."

ಮೌನೇಶ್ವರಿ ಫೋನಿನತ್ತ ಬಾಗಿದಳು. "ನೋಡಿದ್ದೀ? ಮತ್ತ ನನ್ನ ಯಾಕ ಹೊಡದಿ ಬೇ?"

"ನೀ ಖರೇ ಹೇಳಾಕತ್ತಿದ್ದಿ ಯವ್ವಾ. ಇನ್ನೊಂದು ಮಾತಾಡಿದ್ರ ಬಾಯೇರ ಮನಿಯವರು ಹೊಡಿತಿದ್ರು. ಅವರ ಕೈಲೆ ಹೊಡಿಸಿಕೊಳ್ಳೂದಕ್ಕಿಂತ ನನ್ನ ಕೈಲೆ ಹೊಡಿಸಿಕೊಳ್ಳಲಿ ಅಂತ ನಾನ ಹೊಡದೆ."

ಮೌನೇಶ್ವರಿ ಸುಶಮೀಂದ್ರನ ಕಡೆ ತಿರುಗಿದಳು. "ಕೇಳಿದ್ರಿ?" ಎಂದಳು.